ಬಳೆ ಅಂಗಡಿಯ ಸ್ಟೂಲು

ಪಾಂಡವಪುರ
೯ ಜನವರಿ ೨೦೨೫, ಗುರುವಾರ

ಪ್ರೀತಿಯ ತಸ್ಲೀಮ್,

ಪ್ರೀತಿಯ ಅಂತ ಬರೆಯುವ ಹಕ್ಕು ನನಗಿನ್ನೂ ಉಳಿದಿದೆಯೋ ಇಲ್ಲವೋ. ಡಿಗ್ರಿಯ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತ ರೂಢಿ, ಕೈ ತಾನಾಗಿ ಬರೆದುಬಿಟ್ಟಿತು. ಶುಕ್ರವಾರದಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಎತ್ತದಿದ್ದದ್ದೇ ಒಳ್ಳೆಯದಾಯಿತು. ಎತ್ತಿದ್ದರೆ ಏನೋ ಒಂದು ಸಬೂಬು ಹೇಳಿ, ನಿನ್ನನ್ನು ನಗಿಸಿ, ವಿಷಯ ಮುಗಿಸಿಬಿಡುತ್ತಿದ್ದೆ. ಕಾಗದದಲ್ಲಿ ಹಾಗೆ ಮಾಡುವುದು ಕಷ್ಟ. ಮಗಳು ಈಗಷ್ಟೇ ಮಧ್ಯಾಹ್ನದ ನಿದ್ದೆಗೆ ಜಾರಿದ್ದಾಳೆ. ಎಂಟು ತಿಂಗಳಿಂದ ನಿದ್ದೆಗೆಟ್ಟ ತಲೆ ನನ್ನದು, ಮಾತು ಹಿಂದುಮುಂದಾದರೆ ನೀನೇ ಸರಿಮಾಡಿಕೊಂಡು ಓದು.

ಹೋದ ಗುರುವಾರದ ಸಭೆಯಲ್ಲಿ ನಡೆದದ್ದನ್ನು ನಿಮ್ಮಮ್ಮ ಫೋನಿನಲ್ಲಿ ನಿನಗೆ ಎಷ್ಟು ಹೇಳಿದ್ದಾರೋ ತಿಳಿಯದು. ಹೇಳಿದ್ದರೂ ನನ್ನ ತಪ್ಪು ಮುಚ್ಚಿಯೇ ಹೇಳಿರುತ್ತಾರೆ. ಆದ್ದರಿಂದ ನಾನೇ ಬರೆಯುತ್ತೇನೆ.

ಹಳೇ ಬಸ್ ನಿಲ್ದಾಣ ಕೆಡವಿ ಹೊಸದು ಕಟ್ಟುತ್ತಾರೆ ಅನ್ನುವುದು ನಿನಗೆ ಗೊತ್ತೇ ಇದೆ. ನಿಲ್ದಾಣದ ಜೊತೆಗೇ ತರಕಾರಿ ಮಾರುಕಟ್ಟೆ, ಗ್ರಂಥಾಲಯ, ಶೌಚಾಲಯ, ಕೆಳಗಿನ ಸಾಲಿನಲ್ಲಿ ಮಳಿಗೆಗಳು. ಅದರ ನಕ್ಷೆ ತೋರಿಸಲು ಪುರಸಭೆಯವರು ಸಭೆ ಕರೆದಿದ್ದರು. ಅತ್ತೆಯ ಪಕ್ಕದಲ್ಲಿ ಮಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಪರದೆಯ ಮೇಲೆ ಗಾಜಿನ ಬಾಗಿಲಿನ ಒಂದು ಕೋಣೆ ಬಂತು. ತಾಯಂದಿರು ಮಗುವಿಗೆ ಹಾಲುಣಿಸುವ ಕೊಠಡಿಯಂತೆ. ಓದಿದ ತಾಯಂದಿರು ಯಾರಾದರೂ ಎರಡು ಮಾತಾಡಿ ಎಂದು ಮುಖ್ಯಾಧಿಕಾರಿ ಕೇಳಿದರು. ನಾನು ಎದ್ದೆ. ಈ ಊರಿನ ನಿಲ್ದಾಣದಲ್ಲಿ ಒಬ್ಬ ಬಾಣಂತಿ ಮರೆಯಾಗಿ ಕೂರಲು ಒಂದು ಮೊಳ ಜಾಗವೂ ಇಲ್ಲ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕೇಳಿ ನನಗೆ ಖುಷಿಯಾಯಿತು, ತಸ್ಲೀಮ್. ಅದನ್ನೂ ಮುಚ್ಚಿಡುವುದಿಲ್ಲ.

ಹಿಂದಿನ ಸಾಲಿನಲ್ಲಿ ನಿಮ್ಮಮ್ಮ ಇದ್ದದ್ದು ನನಗೆ ಗೊತ್ತಿರಲಿಲ್ಲ.

ಆಮೇಲೆ ಮಳಿಗೆಗಳ ವಿಚಾರ ಬಂತು. ಬಾಡಿಗೆ ರಸೀದಿ ಇದ್ದವರಿಗೆ ಹೊಸ ಕಟ್ಟಡದಲ್ಲಿ ಜಾಗ ಖಚಿತ. ರಸೀದಿ ಇಲ್ಲದವರ ಪರವಾಗಿ ಊರಿನ ಇಬ್ಬರು ಎದ್ದು, ಇವರು ಇಷ್ಟು ವರ್ಷದಿಂದ ಇಲ್ಲೇ ವ್ಯಾಪಾರ ಮಾಡುತ್ತಿದ್ದಾರೆ ಎಂದು ಸಾಕ್ಷಿ ಹೇಳಬೇಕು. ಟಿಕೆಟ್ ಕೌಂಟರಿನ ಗೋಡೆಗೆ ತಗಡು ಇಳಿಬಿಟ್ಟು ಮೂವತ್ತೆರಡು ವರ್ಷ ಬಳೆ ಮಾರಿದ ನಿಮ್ಮಮ್ಮನಿಗೆ ರಸೀದಿ ಕೊಟ್ಟವರು ಯಾರು? ಮೊದಲ ಸಾಕ್ಷಿಯಾಗಿ ಚೌಡಯ್ಯನವರು ಎದ್ದರು, ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದು ರಿಟೈರಾದವರು. ಎರಡನೆಯವರು ಯಾರು ಎಂದಾಗ ನಿಮ್ಮಮ್ಮ ನನ್ನ ಕಡೆ ಕೈ ತೋರಿಸಿದರು.

"ಅಗೋ, ಅಲ್ಲಿ ಕುಂತವ್ಳಲ್ಲ ಅರ್ಪಿತವ್ವ, ಅವ್ಳ್ನೇ ಕೇಳಿ ಸ್ವಾಮಿ. ಅವ್ಳ ತೊಡೆ ಮ್ಯಾಲಿರೋ ಮಗ ಅರ್ಧ ಬೆಳ್ದಿರಾದೇ ನನ್ನಂಗ್ಡೀಲಿ."

ಸುಳ್ಳೇ ಅದು? ಮಗಳ ತೂಕ ಏರುತ್ತಿಲ್ಲವೆಂದು ವಾರಕ್ಕೊಮ್ಮೆ ಮಂಡ್ಯದ ಆಸ್ಪತ್ರೆಗೆ ಅಲೆದ ಆ ಮೂರು ತಿಂಗಳು, ಪ್ರತಿ ಸಲವೂ ನಾನು ಬಸ್ಸಿಗೆ ಮೊದಲು ಕೂರುತ್ತಿದ್ದದ್ದು ಆ ಅಂಗಡಿಯೊಳಗೆ. ಅಲ್ಲಿರುವುದು ಒಂದೇ ಸ್ಟೂಲು, ಗಿರಾಕಿಗಳು ಬಳೆ ತೊಡಿಸಿಕೊಳ್ಳಲು ಕೂರುವುದು. ಬಾಣಂತಿ ಕೂತರೆ ವ್ಯಾಪಾರ ನಿಂತ ಹಾಗೆ. ನಿಮ್ಮಮ್ಮ ಹಳೇ ಸೀರೆಯನ್ನು ಅಡ್ಡ ಎಳೆದು, ಹೊರಗೆ ಬಂದವರಿಗೆ "ವಸಿ ತಡ್ಕಳ್ರವ್ವಾ, ಒಳೀಕ್ ಮಗ ಊಟ ಮಾಡ್ತಾದೆ" ಅನ್ನುತ್ತಿದ್ದರು. ಒಮ್ಮೆ ಮದುವೆ ಮನೆಯವರ ಗುಂಪೇ ಕಾದು ಬೇಜಾರಾಗಿ ಪಕ್ಕದ ಅಂಗಡಿಗೆ ಹೋಯಿತು. ನಾನು ಏಳಲು ಹೋದರೆ ಭುಜ ಒತ್ತಿ ಕೂರಿಸಿದರು. ಮಗಳು ಸರಿಯಾಗಿ ಬಾಯಿ ಹಾಕುವುದನ್ನು ಕಲಿತದ್ದು ಅಲ್ಲಿ, ನಿಮ್ಮಮ್ಮ ಅವಳ ಗಲ್ಲ ಹಿಡಿದು ಕಲಿಸಿದ್ದು. ಆಸ್ಪತ್ರೆಯಲ್ಲಿ ಯಾರಿಗೂ ಅಷ್ಟು ಪುರುಸೊತ್ತು ಇರಲಿಲ್ಲ.

ಮುಖ್ಯಾಧಿಕಾರಿ ನನ್ನನ್ನು ನೋಡಿ, ಹೌದೇನಮ್ಮ ಎಂದು ಕೇಳಿದರು.

ನಾನು ಏನಂದೆ ಗೊತ್ತೇ? ನಾನು ಕೆ.ಆರ್. ಪೇಟೆ ಕಡೆಯವಳು ಸರ್, ಮದುವೆಯಾಗಿ ಈಚೆಗೆ ಈ ಊರಿಗೆ ಬಂದವಳು, ನನಗೆ ಸರಿಯಾಗಿ ಗೊತ್ತಿಲ್ಲ ಎಂದೆ. ಇದೇ ಊರಿನ ಕಾಲೇಜಿಗೆ ಬಂದು, ನಿನ್ನ ಜೊತೆ ಅದೇ ಅಂಗಡಿಯ ನೆರಳಲ್ಲಿ ಮೂರು ವರ್ಷ ಬುತ್ತಿ ಉಂಡವಳು ಹಾಗೆಂದೆ.

ನಿಮ್ಮಮ್ಮ ನನ್ನನ್ನು ಬಯ್ಯಬಹುದಿತ್ತು. ನನ್ನ ಸೀಮಂತಕ್ಕೆ ಮನೆಗೆ ಬಂದು ಹಸಿರು ಬಳೆ ತೊಡಿಸಿದ್ದನ್ನು ಹೇಳಬಹುದಿತ್ತು. ಅವರು ಅಂದದ್ದು ಇಷ್ಟೇ: "ಓಗ್ಲಿ ಬುಡಿ ಸ್ವಾಮಿ. ಹಸಿ ಮಗೀನ ತಾಯಿ, ನಿದ್ದೆ ಇಲ್ಲ, ಮರ್ತೋಗಿರ್ತದೆ." ಅಂದು ಕೂತುಬಿಟ್ಟರು. ಗುಮಾಸ್ತರು ಹಾಳೆಯಲ್ಲಿ ಒಂದು ಗೆರೆ ಎಳೆದರು. ಇನ್ನೊಬ್ಬ ಸಾಕ್ಷಿ ಹದಿಮೂರನೇ ತಾರೀಖು ಸೋಮವಾರದೊಳಗೆ ಬರೆದುಕೊಟ್ಟರೆ ಸರಿ, ಇಲ್ಲದಿದ್ದರೆ ಹೆಸರು ಬಿಟ್ಟಂತೆಯೇ ಎಂದರು. ನಿಮ್ಮಮ್ಮ ಆಮೇಲೆ ಯಾರನ್ನೂ ಕೇಳಿಲ್ಲವಂತೆ. ಚೌಡಯ್ಯನವರು ಒತ್ತಾಯ ಮಾಡಿದ್ದಕ್ಕೆ, ಕೇಳಿ ಇಲ್ಲ ಅನ್ನಿಸಿಕೊಳ್ಳುವುದು ಒಂದು ಸಲ ಸಾಕು ಅಂದರಂತೆ.

ಯಾಕೆ ಹಾಗೆ ಹೇಳಿದೆ ಅಂತ ನೀನು ಕೇಳುತ್ತೀಯ. ಒಂದು, ಆಗಷ್ಟೇ ಅಷ್ಟು ಜನರ ಮುಂದೆ ಒಂದು ಮೊಳ ಜಾಗವೂ ಇಲ್ಲ ಎಂದು ಭಾಷಣ ಮಾಡಿದ್ದೆ, ಮಾತು ಹಿಂತೆಗೆದರೆ ಅವಮಾನ ಅನ್ನಿಸಿತು. ಮತ್ತೆ, ಪಕ್ಕದಲ್ಲಿ ಅತ್ತೆ ಇದ್ದರು. ಮಗುವಿಗೆ ದೃಷ್ಟಿಯಾಗುತ್ತದೆ, ಸಂತೆ ಜಾಗದಲ್ಲಿ ಹಾಲು ಕೊಡಬೇಡ ಎಂದು ಬಾಣಂತನದಲ್ಲೇ ಹೇಳಿದ್ದರು. ಆಸ್ಪತ್ರೆಯಲ್ಲೇ ಕುಡಿಸುತ್ತೇನೆ ಎಂದು ನಾನು ಪ್ರತಿ ವಾರ ಸುಳ್ಳು ಹೇಳಿದ್ದೆ.

ಇಷ್ಟಕ್ಕೆ ನಿಲ್ಲಿಸಿದ್ದರೆ ನನಗೆ ನೆಮ್ಮದಿಯಾಗಿರುತ್ತಿತ್ತು. ಆದರೆ ಅವತ್ತು ಮನೆಗೆ ನಡೆದು ಬರುವಾಗ ಅತ್ತೆ ಕೇಳಿದರು: "ಯಾಕವ್ವ ಇಲ್ಲ ಅಂದ್ಬುಟ್ಟೆ? ಸೀರೆ ಮರೆ ಕೆಳೀಕ್ ನಿನ್ನ ಚಪ್ಲಿ ಕಾಣ್ತಿತ್ತು. ನಾನ್ ಎಷ್ಟ್ ದಪ ನೋಡ್ಕಂಡು ಸುಮ್ಕೆ ಬಂದಿವ್ನಿ." ಅತ್ತೆಗೆ ಹೆದರಿದೆ ಅನ್ನುವ ಸಬೂಬೂ ಅವತ್ತೇ ಕೈಬಿಟ್ಟು ಹೋಯಿತು.

ನಾಳೆ ಬೆಳಗ್ಗೆ ಪುರಸಭೆಗೆ ಹೋಗಿ ಎರಡನೆಯ ಸಾಕ್ಷಿಯಾಗಿ ಬರೆದುಕೊಡುತ್ತೇನೆ. ಈಗಲೇ ಬರೆದಿಟ್ಟಿರುವ ಹಾಳೆಯಲ್ಲಿ, ಸಭೆಯಲ್ಲಿ ನಾನು ಆಡಿದ್ದು ಸುಳ್ಳು ಎಂಬ ಸಾಲನ್ನೂ ಸೇರಿಸಿದ್ದೇನೆ. ಆಮೇಲೆ ನಿಮ್ಮಮ್ಮನ ಅಂಗಡಿಗೆ ಹೋಗುತ್ತೇನೆ. ಅವರು ಮಗಳನ್ನು ಎತ್ತಿಕೊಳ್ಳಲು ಕೈ ಚಾಚುತ್ತಾರೆ, ಅದೇ ನನಗೆ ಭಯ. ನೀನು ನನ್ನನ್ನು ಕ್ಷಮಿಸು ಎಂದು ಬರೆಯುವುದಿಲ್ಲ.

ನಿನ್ನ ಬೆಂಚಿನವಳು,
ಅರ್ಪಿತ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಕೆಳಗಿನ ಸಾಲಿನಲ್ಲಿ ನಾಲ್ಕು ಮಳಿಗೆ ಹೆಂಗಸರಿಗೆಂದೇ ಮೀಸಲು. ಹಳಬರಿಗೆ ಕೊಟ್ಟು ಉಳಿದದ್ದು ಹೊಸ ಅರ್ಜಿದಾರರಿಗೆ. ನಮ್ಮೆಜಮಾನರು ತಿಮ್ಮೇಶ ನನ್ನ ಹೆಸರಲ್ಲಿ ಅರ್ಜಿ ಹಾಕಿಸಿದ್ದಾರೆ, ಸಹಿ ನನ್ನದೇ. ಸಭೆಗೆ ಹೋಗುವ ಮೊದಲೇ ಪಟ್ಟಿ ನೋಡಿದ್ದೆ. ಮೂರು ಹಳಬರಿಗೆ ಆಗಿತ್ತು, ನಾಲ್ಕನೆಯದು ನಿಮ್ಮಮ್ಮನಿಗೆ ಅಥವಾ ನನಗೆ. ಅಧಿಕಾರಿ ಕೇಳಿದಾಗ ನನ್ನ ತಲೆಯಲ್ಲಿ ಇದ್ದದ್ದು ಅತ್ತೆಯಲ್ಲ, ಆ ಮಳಿಗೆ. ಆ ಅರ್ಜಿ ಹಿಂತೆಗೆಯುವ ಮಾತನ್ನು ತಿಮ್ಮೇಶನಿಗೆ ಇನ್ನೂ ಹೇಳಿಲ್ಲ, ಹೇಳುವ ಧೈರ್ಯ ಬರುತ್ತದೆಂಬ ನಂಬಿಕೆಯೂ ನನ್ನ ಮೇಲೆ ನನಗಿಲ್ಲ. ನಾಳೆ ದಾರಿಯಲ್ಲಿ ಅಂಚೆ ಪೆಟ್ಟಿಗೆ ಮೊದಲು ಸಿಗುತ್ತದೆ, ಪುರಸಭೆ ಆಮೇಲೆ. ಇದನ್ನು ಮೊದಲು ಹಾಕಿಬಿಡುತ್ತೇನೆ. ನಿನಗೆ ಗೊತ್ತಾಗುವುದು ಖಚಿತವಾದ ಮೇಲೆ ನಾನು ಅರ್ಧ ದಾರಿಯಿಂದ ಮನೆಗೆ ತಿರುಗಲು ಆಗುವುದಿಲ್ಲ.