ಸೇತುವೆ ದಾಟಿ ಬಂದ ಸ್ಪೀಕರ್‌ಗಳು

ವ್ಯಾಂಕೂವರ್, ವಾಷಿಂಗ್ಟನ್ ರಾಜ್ಯ. 2024ರ ಮಾರ್ಚ್ 9, ಶನಿವಾರ. ಒಂದು ಜೊತೆ ಸ್ಪೀಕರ್: ಕೊಂಡದ್ದು ನದಿಯಾಚೆ, ಬಳಸುತ್ತಿರುವುದು ನನ್ನ ಮನೆಯಲ್ಲಿ, ತೆರಿಗೆ ಕಟ್ಟಿಲ್ಲ.

ಮಾನ್ಯ ತೆರಿಗೆ ಅಧಿಕಾರಿಗಳೇ,

ನೀವು ತಪ್ಪು ಬಾಗಿಲು ತಟ್ಟಿದ್ದೀರಿ. ಕಳೆದ ತಿಂಗಳು ನಿಮ್ಮ ತಪಾಸಕರು ವೆಂಡೆಲ್ ಹೌಗೆನ್ ಅವರ ಆಡಿಯೋ ಅಂಗಡಿಯಲ್ಲಿ ಎಂಟು ದಿನ ಕುಳಿತು ಹಳೆಯ ರಸೀದಿಗಳನ್ನೆಲ್ಲ ತಿರುವಿ ಹಾಕಿದರು. ಮೂವತ್ತೊಂದು ವರ್ಷ ನಿಮ್ಮ ಪರವಾಗಿ, ಸಂಬಳವಿಲ್ಲದೆ, ಮಾರಾಟ ತೆರಿಗೆ ವಸೂಲು ಮಾಡಿಕೊಟ್ಟ ಮನುಷ್ಯ ಆತ. ಕಟ್ಟದವನು ನಾನು. ನಾಲ್ಕು ಬೀದಿ ಆಚೆ ಆರಾಮವಾಗಿ ಸಂಗೀತ ಕೇಳುತ್ತಿದ್ದೆ.

ನದಿಯಾಚೆಯ ಆರೆಗನ್ ರಾಜ್ಯದಲ್ಲಿ ಮಾರಾಟ ತೆರಿಗೆ ಇಲ್ಲ; ಅಲ್ಲಿ ಕೊಂಡದ್ದನ್ನು ಇಲ್ಲಿ ಬಳಸಿದರೆ ಬಳಕೆ ತೆರಿಗೆಯನ್ನು ನಾವೇ ಕಟ್ಟಬೇಕು. ಇದು ಊರಿಗೆಲ್ಲ ಗೊತ್ತು. ಊರೆಲ್ಲ ಶನಿವಾರ ಸೇತುವೆ ದಾಟುತ್ತದೆ. ನಮ್ಮ ರಾಜ್ಯದಲ್ಲಿ ಆದಾಯ ತೆರಿಗೆಯೂ ಇಲ್ಲವಾದ್ದರಿಂದ ವರ್ಷಕ್ಕೊಮ್ಮೆಯಾದರೂ ನಮ್ಮನ್ನು ಕೇಳುವ ಕಾಗದವೊಂದು ಬರುವುದಿಲ್ಲ. ನಮ್ಮ ಪ್ರಾಮಾಣಿಕತೆಯ ಮೇಲೆ ನಿಮಗಿರುವ ಈ ಅಪಾರ ನಂಬಿಕೆ ವೆಂಡೆಲ್ ಮೇಲೆ ಏಕಿಲ್ಲ?

ನಾನು ಮಾಡಿದ್ದು ಇಷ್ಟು. ಮೂರು ಶನಿವಾರ ವೆಂಡೆಲ್ ಅವರ ಅಂಗಡಿಯಲ್ಲಿ, ಅವರದೇ ಕುರ್ಚಿಯಲ್ಲಿ ಕುಳಿತು, ಅವರು ಕೊಟ್ಟ ಕಾಫಿ ಕುಡಿಯುತ್ತ ಆ ಸ್ಪೀಕರ್‌ಗಳನ್ನು ಕೇಳಿದೆ. ನಾಲ್ಕನೆಯ ಶನಿವಾರ ಸೇತುವೆ ದಾಟಿ ಪೋರ್ಟ್‌ಲ್ಯಾಂಡಿಗೆ ಹೋಗಿ ಅವನ್ನೇ ತಂದೆ. ಸುಮಾರು ಮುನ್ನೂರ ಎಪ್ಪತ್ತು ಡಾಲರ್ ಉಳಿಯಿತು. ಮನೆಯಲ್ಲಿ ಧ್ವನಿ ಗುಂಯ್‌ಗುಟ್ಟಿತು. ನಾಚಿಕೆಯಿಲ್ಲದೆ ವೆಂಡೆಲ್‌ಗೇ ಫೋನ್ ಮಾಡಿದೆ.

ಅವರು ಅಳತೆ ಟೇಪಿನೊಂದಿಗೆ ಬಂದರು. ಸ್ಪೀಕರನ್ನು ತಿರುಗಿಸುವಾಗ ಹಿಂಬದಿಯಲ್ಲಿ ಆಚೆಯ ಅಂಗಡಿಯ ಚೀಟಿ ಕಂಡಿತು.

"ಓಹೋ, ಸೇತುವೆ ಮೇಲೆ ಟ್ರಾಫಿಕ್ ಜಾಸ್ತಿ ಇತ್ತೇನೋ?"

"ಹಾಗೇನಿಲ್ಲ..." ಎಂದೆ.

"ಸರಿ ಬಿಡು ಮಾರಾಯ. ಆ ಕಡೆ ಹಿಡ್ಕೋ. ಗೋಡೆಯಿಂದ ಇನ್ನೊಂದು ಗೇಣು ಈಚೆ ಬರ್ಲಿ."

ಒಂದೂವರೆ ಗಂಟೆ ಮಂಡಿಯೂರಿ ಅಷ್ಟಷ್ಟೇ ಸರಿಸುತ್ತ ಕೂರಿಸಿಕೊಟ್ಟರು. ನಾನು ಭೂಮಾಪಕನಾಗಿದ್ದವನು, ಅಷ್ಟು ಕರಾರುವಾಕ್ಕಾದ ಕೆಲಸವನ್ನು ಹೆಚ್ಚು ಕಂಡಿಲ್ಲ. ಕೂಲಿ ಎಷ್ಟೆಂದು ಕೇಳಿದ್ದಕ್ಕೆ ಕೈಯಾಡಿಸಿ ಹೊರಟುಹೋದರು.

ತಪಾಸಣೆಯ ಐದನೆಯ ದಿನ ರೆಕಾರ್ಡ್ ಪ್ಲೇಯರಿನ ಮುಳ್ಳು ಕೊಳ್ಳಲು ಅಲ್ಲಿಗೆ ಹೋಗಿದ್ದೆ. ನಿಮ್ಮವರೊಬ್ಬರು ಕೇಳುತ್ತಿದ್ದರು: "ಇಲ್ಲಿ ನೋಡಿ, ಆಚೆ ಕಡೆಯಿಂದ ತರೋರು ಯಾರಾದ್ರೂ ಗೊತ್ತಾ?"

ವೆಂಡೆಲ್ ನನ್ನತ್ತ ನೋಡಲೂ ಇಲ್ಲ. "ಆಚೆಯಿಂದ ತರೋರು ನನ್ನ ಗಿರಾಕಿಗಳಲ್ಲ ಸಾರ್, ಸ್ನೇಹಿತರು. ಸ್ನೇಹಿತರ ಹೆಸರು ಕೇಳ್ಬೇಡಿ."

ನಾನು ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಮುಳ್ಳು ಕೊಂಡು ಮನೆಗೆ ಬಂದೆ.

ಹೆಂಡತಿ ಡೋರೀನ್‌ಗೆ, ಆ ತೆರಿಗೆಯ ವಿಷಯ ನನಗೆ ಗೊತ್ತಿರಲಿಲ್ಲ ಎಂದೆ. "ರಸ್ತೇಲಿ ಗುಂಡಿ ಬಿದ್ರೆ ಪೇಪರಿಗೆ ಬರೀತೀಯ, ಇದೊಂದು ಗೊತ್ತಿರ್ಲಿಲ್ವಾ?" ಎಂದಳು. ಗೊತ್ತಿತ್ತು.

ತಪಾಸಣೆಯಲ್ಲಿ ಏನೂ ಸಿಗಲಿಲ್ಲ. ಜೂನ್‌ನಲ್ಲಿ ಅಂಗಡಿ ಮುಚ್ಚುತ್ತಿದೆ. ಅದು ನಿಮ್ಮಿಂದ ಎಂದು ಬರೆದು ಹಗುರಾಗುವ ಆಸೆ ನನಗಿತ್ತು; ಮುಚ್ಚಿಸಿದ್ದು ಸೇತುವೆ ದಾಟಿದ ನನ್ನಂಥವರು.

ನನ್ನ ಬೇಡಿಕೆ ಒಂದೇ: ಬಳಕೆ ತೆರಿಗೆಯ ಆ ಒಂದು ಪುಟದ ನಮೂನೆಯನ್ನು ವರ್ಷಕ್ಕೊಮ್ಮೆ ಪ್ರತಿ ಮನೆಗೂ ಕಳಿಸಿ. ಸುಳ್ಳು ಹೇಳುವವನು ಸಹಿ ಹಾಕಿಯೇ ಹೇಳಲಿ. ನನ್ನದನ್ನು ತುಂಬಿದ್ದೇನೆ, ಸೋಮವಾರ ನಿಮಗೆ ತಲುಪಿಸುವೆ. ಮಂಗಳವಾರ ವೆಂಡೆಲ್ ಅಂಗಡಿಗೆ ಹೋಗಿ, ಅಲ್ಲಿ ಯಾರೇ ಇರಲಿ, ಅವರೆಲ್ಲರ ಎದುರು ಕ್ಷಮೆ ಕೇಳಬೇಕೆಂದು ನಿರ್ಧರಿಸಿದ್ದೇನೆ. ಏನೆಂದು ಶುರುಮಾಡಬೇಕೋ ಇನ್ನೂ ತಿಳಿದಿಲ್ಲ.

ಇಂತಿ,
ಗಿರಾಕಿಯಾಗಲಾರದೆ ಸ್ನೇಹಿತನೆನಿಸಿಕೊಂಡ
ಲೇಲ್ಯಾಂಡ್ ಸ್ಟ್ರೌಡ್