ಅಯ್ಯ ಅಂತ ಹುಡುಕಿದ್ದು

9 ಫೆಬ್ರವರಿ 2009, ಬೆಳಿಗ್ಗೆ

ಇಡ್ಲಿ ತಿಂದು ಮಠದ ಆಫೀಸು. ಕಂಪ್ಯೂಟರ್ ಹಚ್ಚಿದೆ. ಯಾತ್ರಿಕರ ರೂಮು ಬುಕಿಂಗ್ ಏಳು ವರ್ಷದಿಂದ ನನ್ನ ಕೈಯಲ್ಲೇ. ಸೆಟ್ಟಿಂಗಿನಲ್ಲಿ ಮೆಮರಿ ಹದಿನಾರು ಎಂಬಿ ಇದ್ದದ್ದನ್ನು ಅರವತ್ನಾಲ್ಕು ಮಾಡಿ ಓಡಿಸಿದವ ಯಾರು? ದಾನಯ್ಯ! ಓದಿದ್ದು ಊರ ಸಾಲಿ, ಏಳನೇ ಇಯತ್ತೆ. ಇಲ್ಲಿನ ಭೇಲೂಪುರ ಪೇಟೆಯ ಕಂಪ್ಯೂಟರ್ ಅಂಗಡಿಯವ ಬಾಯಿ ತೆರೆದು ನಿಂತಿದ್ದ.

ಅಣ್ಣನ ಮಗಳು ವರ್ಷಿಣಿ ಬಂದಳು. ಇಲ್ಲೇ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ.

"ಕಾಕಾ, ಇನ್ಮ್ಯಾಲೆ ಸೆಟ್ಟಿಂಗ್ ಮುಟ್ಟಬ್ಯಾಡ. ನನ್ನ ಪ್ರೋಗ್ರಾಮು ತಾನೇ ಬದಲಿಸಿ ನೋಡ್ತೈತಿ, ಯಾವುದಕ್ಕ ಕೆಲಸ ಜಲ್ದಿ ಆಗ್ತೈತಿ ಅಂತ ಕಲೀತೈತಿ. ಶಿವರಾತ್ರಿ ಗದ್ದಲದಾಗ ಪಾಸಾದ್ರ ನನ್ನ ಥೀಸಿಸ್ ಮುಗೀತು. ಇಲ್ಲಾಂದ್ರ ಮತ್ತೊಂದು ವರ್ಷ."

"ಅದಕ್ಕ ಕಲಸಾವ್ರು ಯಾರು?"

"ನೀನೇ. ನೀ ದಿನಾ ಮಾಡೂ ಕೆಲಸ ನೋಡೇ ಕಲೀತೈತಿ."

ಹಾಂ! ಅಂದರೆ ಗುರು ನಾನೇ.

11 ಫೆಬ್ರವರಿ

ಕುಂತಲ್ಲಿ ಕುಂದ್ರಾಕ ಆಗವಲ್ದು. ಸೆಟ್ಟಿಂಗಿನ ಅಂಕಿ ಈಗ ಮಷಿನೇ ತಿರುವುತ್ತೆ, ನಾನು ಬರೀ ನೋಡೋದು. ನಾಲ್ಕು ಸಲ ಚಾ. ಪ್ರಸಾದ ಬಡಿಸುವ ಸಂಗಯ್ಯ ಹಲ್ಲು ಕಿರಿದ: "ಏನ್ರೀ ದಾನಯ್ಯಾರ, ನೌಕರಿ ಹೋತೇನ್ರಿ?"

ನೋಡೇಬಿಡೋಣ, ಈ ಮಷಿನು ಎಷ್ಟು ಶಾಣ್ಯಾ ಐತಿ ಅಂತ. ಹುಡುಕುವ ಜಾಗದಲ್ಲಿ ಬರೇ 'ಅಯ್ಯ' ಅಂತ ಹೊಡೆದೆ. ಈ ಮಠಕ್ಕೆ ಬರುವವರೆಲ್ಲ ಅಯ್ಯನೇ — ಸೋಮಲಿಂಗಯ್ಯ, ಕೊಟ್ಟೂರಯ್ಯ, ಗುರುಶಾಂತಯ್ಯ... ಮೂವತ್ತು ಸಾವಿರ ಹೆಸರು! ನಾಲ್ಕು ನಿಮಿಷ ಏದುಸಿರು ಬಿಟ್ಟಿತು. ಮತ್ತೆ ಹೊಡೆದೆ. ಮತ್ತೆ.

16 ಫೆಬ್ರವರಿ

ಐದು ದಿನ ಅದೇ ಆಟ. ಇವತ್ತು 'ಅಯ್ಯ' ಹತ್ತೇ ಸೆಕೆಂಡಿಗೆ ಬಂತು, ಕಳ್ಳ ನನ್ಮಗಂದು! ವರ್ಷಿಣಿ ಪೇಡಾ ತಂದಳು. "ಕಾಕಾ, ಎಷ್ಟು ಚಂದ ಕಲತೈತಿ ನೋಡು!" ಎರಡು ತಿಂದೆ. ಆಟದ ವಿಷಯ ಹೇಳಲಿಲ್ಲ.

23 ಫೆಬ್ರವರಿ, ಶಿವರಾತ್ರಿ, ಬೆಳಿಗ್ಗೆ 9

ಯಾತ್ರಿಕರ ಸಾಲು ಗಲ್ಲಿಯ ಆಚೆತನಕ. ಒಂದು ಹೊಸ ಹೆಸರು ಸೇರಿಸಲು ಮೂರು ನಿಮಿಷ. ಗಂಟಿನ ಮೇಲೆ ಕುಂತ ಮುದುಕಿ: "ಎಪ್ಪಾ, ಹೆಸರು ಬರಕೊಳ್ಳಾಕ ಇಷ್ಟೊತ್ತಾ? ಅಷ್ಟರಾಗ ಶಿವ ಎದ್ದು ಹೋದಾನು!"

ಎಲ್ಲರೂ ನಕ್ಕರು. ವರ್ಷಿಣಿ ನಗಲಿಲ್ಲ. "ಎಲ್ಲಾ ಮೆಮರಿ ಹುಡುಕೂದಕ್ಕೇ ಇಟಗೊಂಡೈತಿ, ಬರಕೊಳ್ಳೂದಕ್ಕ ಏನೂ ಉಳಿಸಿಲ್ಲ. ಯಾಕ ಹಿಂಗಾತು ಕಾಕಾ?"

"ಬಿಜ್ಲಿ ಹೋಗಿ ಬಂತಲ್ಲ, ಅದಕ್ಕ ಇರಬೇಕವ್ವಾ" ಅಂದೆ. ಥೂ.

11 ಗಂಟೆ

ಬುಕಿಂಗ್ ನೋಟ್‌ಬುಕ್ಕಿಗೆ ಬಂತು. ಸಂಗಯ್ಯ ಬರೀತಾನೆ. ನಾನು ಮೆಟ್ಟಿಲು ಹತ್ತೋದು, ಇಳಿಯೋದು.

ವರ್ಷಿಣಿ ಜಗಲಿಯಲ್ಲಿದ್ದಾಳೆ, ಮೊಬೈಲು ಕೈಯಲ್ಲಿ. "ಕಾಕಾ, ನನ್ನ ಗಣಿತನೇ ತಪ್ಪು. ಗೈಡ್‌ ಸರ್‌ಗೆ ಹೇಳಿ ಥೀಸಿಸ್ ಕೈ ಬಿಡ್ತೀನಿ." ಯಾವ ದಿನದ ಪಾಠ ಕೆಟ್ಟದ್ದು ಅಂತ ಗೊತ್ತಾದರೆ ಅಳಿಸಿ ಮತ್ತೆ ಕಲಿಸಬಹುದಂತೆ, ಇವತ್ತಿನ ಗದ್ದಲ ಮುಗಿಯೋದರೊಳಗೆ. ಯಾವ ದಿನ ಅಂತ ಗೊತ್ತಿರೋನು ಊರಿಗೆಲ್ಲ ಒಬ್ಬನೇ.

ನಂಬರ್ ಒತ್ತುತ್ತಿದ್ದಾಳೆ. ಹೇಳಬೇಕು. ಹೆಂಗೆ ಶುರು ಮಾಡಲಿ... 'ತಡಿಯವ್ವಾ. ನಿನ್ನ ಮಷಿನು ಶಾಣ್ಯಾನೇ ಐತಿ. ಕಲಿಸಿದ್ದೆಲ್ಲಾ ಕಲತೈತಿ. ಕಲಿಸಿದ ಗುರುನೇ ಕಳ್ಳ. ಹನ್ನೊಂದರಿಂದ ಹದಿನಾರರ ತನಕದ ಪಾಠ ಅಳಿಸು.'