ಸರಿಜೋಡಿಯಾಗಿದ್ದ ಓಲೆಗಳ ಅಪರಾಧ

ಮಾನ್ಯ ಕರಕುಶಲ ಪರಿಶೀಲನಾಧಿಕಾರಿಗಳೇ,

ತಾವು ನಮ್ಮ ಓಲೆಗಳಿಗೆ ದಯಪಾಲಿಸಿದ ‘ಕೈಯಿಂದ ಮಾಡಿದ್ದು’ ಎಂಬ ಮುದ್ರೆಯನ್ನು ಹಿಂದಿರುಗಿಸುತ್ತಿದ್ದೇನೆ. ಮೊದಲು ತಾವು ಕೊಡಲಿಲ್ಲವೆಂದು ಸಿಟ್ಟಿತ್ತು. ಆಮೇಲೆ ಕೊಟ್ಟಿರಲ್ಲ, ಆಗಿನಿಂದ ನಾಚಿಕೆ. ಸಿಟ್ಟನ್ನು ಹೇಗೋ ನುಂಗಿದ್ದೆ. ಈ ನಾಚಿಕೆ ಗಂಟಲಲ್ಲಿ ಇಳಿಯುತ್ತಿಲ್ಲ. ಅದಕ್ಕೇ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ನಮ್ಮದು ಮನೆಯ ಮುಂದಿನ ಕೋಣೆಯಲ್ಲಿ ನಡೆಯುವ ಸಣ್ಣ ವ್ಯಾಪಾರ. ಹಿತ್ತಾಳೆ ತಂತಿ ಬಾಗಿಸಿ, ಮಣಿ ಪೋಣಿಸಿ ಓಲೆ ಮಾಡುವವರು ನನ್ನ ಅತ್ತಿಗೆ, ಅಣ್ಣನ ಹೆಂಡತಿ. ಅವನ್ನು ರಟ್ಟಿಗೆ ಚುಚ್ಚಿ, ರಟ್ಟಿನ ಮೇಲೊಂದು ಪ್ರಾಸ ಬರೆದು ಮಾರುವವಳು ನಾನು. ಕನ್ನಡ ಮಾಧ್ಯಮದಲ್ಲಿ ಓದಿ ಪಡೆದ ಪದವಿ ಉಪಯೋಗಕ್ಕೆ ಬಂದದ್ದು ಇಲ್ಲೊಂದೇ ಕಡೆ. ಅತ್ತಿಗೆ ಒಂದು ಓಲೆ ಮುಗಿಸಿ ಇನ್ನೊಂದಕ್ಕೆ ಕೈ ಹಾಕುವವರಲ್ಲ. ಎರಡನ್ನೂ ಒಟ್ಟಿಗೇ ಬೆಳೆಸುತ್ತಾರೆ. ಎಡದ್ದಕ್ಕೊಂದು ಬಾಗು ಕೊಟ್ಟರೆ ತಕ್ಷಣ ಬಲದ್ದಕ್ಕೂ ಅದೇ ಬಾಗು. ಕೊನೆಗೆ ಕಿಟಕಿಗೆ ಕಟ್ಟಿದ ದಾರಕ್ಕೆ ಜೋಡಿಯನ್ನು ನೇತುಹಾಕಿ ಗೋಡೆಯ ಮೇಲಿನ ನೆರಳು ನೋಡುತ್ತಾರೆ. ಒಂದರ ನೆರಳು ಕೂದಲೆಳೆಯಷ್ಟು ಇಳಿದರೂ “ಇವೆರಡೂ ಮಾತು ಬಿಟ್ಟಿವೆ” ಎಂದು ಬಿಚ್ಚಿ ಮತ್ತೆ ಕೂರುತ್ತಾರೆ. ಆ ಹೆಮ್ಮೆಗೇ ನಾನು ರಟ್ಟಿನ ಮೇಲೆ ಬರೆದದ್ದು: ‘ಇತ್ತ ಒಂದು, ಅತ್ತ ಒಂದು; ಅಳೆದು ನೋಡಿ, ಎರಡೂ ಒಂದು!’

ಕರಕುಶಲ ಮಾರುಕಟ್ಟೆಯಲ್ಲಿ ಮಳಿಗೆ ಬೇಕಾದರೆ ತಮ್ಮ ಮುದ್ರೆ ಕಡ್ಡಾಯವೆಂದರು, ಓಲೆ ಹಿಡಿದು ತಮ್ಮ ಕಚೇರಿಗೆ ಬಂದೆ. ತಾವು ನಿಜಕ್ಕೂ ಅಳೆದು ನೋಡಿದಿರಿ.

“ಎರಡೂ ಒಂದೇ ಥರ ಇದೆಯಲ್ಲಮ್ಮ! ಇದು ಯಂತ್ರದ ಮಾಲು. ನೀವೇ ಬರ್ಕೊಂಡಿದೀರಿ ನೋಡಿ.”

“ಮಾಡಿದವರನ್ನೇ ಕರ್ಕೊಂಡು ಬರ್ತೀನಿ ಸಾರ್. ನಿಮ್ಮೆದುರಿಗೇ ಮಾಡ್ಲಿ.”

“ನಾವು ನೋಡೋದು ವಸ್ತುನಮ್ಮ, ಮನುಷ್ಯರನ್ನಲ್ಲ.”

ಸಾಲಿನಲ್ಲಿ ನನಗಿಂತ ಮುಂದಿದ್ದವರು ತಂದ ಕೈಬಳೆಯ ಕೊಂಡಿ, ತಾವು ಮುಟ್ಟಿದ್ದೇ ತಡ, ಕಿತ್ತು ಬಂದಿತ್ತು. ಅದಕ್ಕೆ ಧಾರಾಳವಾಗಿ ಮುದ್ರೆ ಬಿತ್ತು. ಅಂದವಿದ್ದರೆ ಅನುಮಾನ, ಅಂಕುಡೊಂಕಿದ್ದರೆ ಬಹುಮಾನ! ಸ್ವಾಮಿ, ಕೈ ಎಂದರೆ ತಪ್ಪು ಮಾಡುವ ಅಂಗವೆಂದು ಯಾವ ನಿಯಮದಲ್ಲಿ ಬರೆದಿದೆ? ತಮ್ಮ ಅಂಗಿಯ ಎರಡೂ ತೋಳನ್ನು ಒಂದೇ ಉದ್ದಕ್ಕೆ ಹೊಲಿದ ದರ್ಜಿಯೂ ಯಂತ್ರವೇ? ಅಥವಾ ತೋಳು ಏರುಪೇರಾಗಿದ್ದರೆ ತಾವು “ಆಹಾ, ಕೈಕೆಲಸ” ಎಂದು ತೊಟ್ಟು ಕಚೇರಿಗೆ ಬರುತ್ತಿದ್ದಿರೇ?

ಮನೆಗೆ ಹೋಗಿ, “ಅತ್ತಿಗೆ, ಒಂಚೂರು ಸೊಟ್ಟ ಮಾಡಿ” ಎಂದೆ.

“ಸೊಟ್ಟ ಮಾಡೋಕೆ ನಾನ್ಯಾಕೆ? ನಿಮ್ಮಣ್ಣನ್ನ ಕೂರ್ಸು” ಎಂದು ನಕ್ಕರು. ಆದರೂ ನನಗಾಗಿ ಒಪ್ಪಿದರು. ಒಂದನ್ನು ಮಾಡಿ ಡಬ್ಬದಲ್ಲಿ ಮುಚ್ಚಿಟ್ಟು, ಮರುದಿನ ಅದರ ಮುಖ ನೋಡದೆ ಇನ್ನೊಂದನ್ನು ಮಾಡಿದರು. ದಾರಕ್ಕೆ ಹಾಕಿದರೆ ಹಾಳಾದವು ಮತ್ತೆ ಸರಿಜೋಡಿ! “ಏನ್ಮಾಡ್ಲಿ ಕಣೇ, ಕೈ ಮಾತು ಕೇಳ್ತಿಲ್ಲ” ಎಂದರು, ತಪ್ಪು ಅವರದೇ ಎಂಬಂತೆ. ಮಳಿಗೆಯ ಆಸೆಗೆ ನಾನೇ ಇಕ್ಕಳ ತೆಗೆದುಕೊಂಡು, ಅವರ ಕಣ್ಣೆದುರಿಗೇ ಒಂದು ಓಲೆಯ ಸುತ್ತನ್ನು ಹಿಚುಕಿದೆ. ಅತ್ತಿಗೆ ಎದ್ದು ಹೋಗಿ ಕಿಟಕಿಯ ದಾರ ಬಿಚ್ಚಿದರು.

ಆ ಜೋಡಿಯನ್ನು ತಾವು ಬೆಳಕಿಗೆ ಹಿಡಿದು, “ಈಗ ನೋಡಿ, ಕೈ ಕಾಣ್ತಿದೆ!” ಎಂದು ಮೆಚ್ಚಿದಿರಿ. ಕಂಡದ್ದು ನನ್ನ ಕೈ ಸ್ವಾಮಿ. ಒಂದು ಓಲೆಯನ್ನೂ ಮಾಡಲು ಬಾರದ ಕೈ.

ಮಳಿಗೆ ಸಿಕ್ಕಿತು. ಅತ್ತಿಗೆ ಅಲ್ಲೂ ಕೂತು ಓಲೆ ಮಾಡಿದರು. ನೆರಳು ಮಾತ್ರ ನೋಡಲಿಲ್ಲ. ಅಂದು ಮಾತು ಕೇಳದ ಕೈ ನಿಧಾನಕ್ಕೆ ಕೇಳಲು ಕಲಿಯಿತು. ಮೊನ್ನೆ ಗಿರಾಕಿಯೊಬ್ಬರು ಓಲೆ ಕಳಚಿ ಮುಂದಿಟ್ಟರು. “ಏನ್ರೀ ಇದು, ಒಂದು ಜೋತಾಡುತ್ತೆ, ಒಂದು ಮೇಲೇ ಕೂತಿರುತ್ತೆ!” ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ ರಟ್ಟು ತಿರುಗಿಸಿ ತಾವು ಕೊಟ್ಟ ಮುದ್ರೆ ತೋರಿಸಿದರು. “ಕೈಕೆಲಸ ಅಲ್ವೇನಮ್ಮ, ಹಾಗೇ ಇರುತ್ತೆ.” ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮಳಿಗೆ ಖಾಲಿ ಮಾಡಿದ್ದೇನೆ. ಅತ್ತಿಗೆಯ ಬಳಿ ತಪ್ಪಾಯಿತೆಂದೆ. “ಬಿಡೇ, ವ್ಯಾಪಾರ” ಎಂದರು. ತಪ್ಪಾಯಿತೆಂಬ ಮಾತನ್ನು ನಾನೊಬ್ಬಳೇ ಹೇಳಿದರೆ ಸಾಲದು. ಆದ್ದರಿಂದ ಆಗ್ರಹವಿಷ್ಟೇ: ಸರಿಜೋಡಿಯಾದರೆ ಯಂತ್ರದ್ದೆನ್ನುವ ಆ ನಿಯಮವನ್ನು ಅಳಿಸಿ ಹಾಕಿ. ಒಂದು ಬೆಳಗ್ಗೆ ಕುರ್ಚಿ ಬಿಟ್ಟೆದ್ದು ನಮ್ಮ ಕೋಣೆಗೆ ಬನ್ನಿ, ಈ ಸಲ ಮನುಷ್ಯರನ್ನು ನೋಡಿ. ಯಂತ್ರವೆಂದದ್ದು ತಪ್ಪೆಂದು ಅವರ ಮುಖಕ್ಕೇ ಹೇಳಿ. ದಾರವನ್ನು ನಾನು ಮತ್ತೆ ಕಿಟಕಿಗೆ ಕಟ್ಟಿದ್ದೇನೆ. ಗೋಡೆಯ ಮೇಲೆ ಸದ್ಯಕ್ಕೆ ಬರೀ ದಾರದ ನೆರಳಿದೆ.

ಇಂತಿ,
ತಾವು ಮೆಚ್ಚಿದ ಕೈಯವಳು